ನಮ್ಮ ಕೈಯ ಗರ

ನಾನು ಹಗ್ಗ ಹೊಸೆಯುವವಳು, ಹೆಸರು ನೀಲವ್ವ. ಪುಂಡಿಯ ನಾರನ್ನು ನೆನೆಹಾಕಿ, ಬಡಿದು, ಒಣಗಿಸಿ, ಎಳೆ ಕೂಡಿಸುವುದನ್ನು ಅಪ್ಪ ಕಲಿಸಿದ. ಅವನು ಹೋದ ಮೇಲೆ ಊರಿನ ದನದ ಕಣ್ಣಿಯಿಂದ ಹಿಡಿದು ಕೂಸಿನ ತೊಟ್ಟಿಲ ಹಗ್ಗದವರೆಗೆ ಎಲ್ಲವೂ ನನ್ನ ಕೈಯಲ್ಲೇ ಹಾಯ್ದು ಹೋಗುತ್ತಿತ್ತು. ಇಂಥ ನಾನು ಚಾವಡಿಯ ಮೇಜಿಗೆ ಕೂತು ದಾಳ ಕೇಳಿದ ಸಂಗತಿಯನ್ನು ಜನ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಆದದ್ದು ಹೀಗೆ.

ನಮ್ಮ ಊರಲ್ಲಿ ಕೈಗೂಡುವುದೋ ಇಲ್ಲವೋ ಎಂಬಂಥ ಯಾವ ಕೆಲಸವಿದ್ದರೂ ಮೊದಲು ಚಾವಡಿಯ ಮೇಜಿನಲ್ಲಿ ಆಡಿ ನೋಡಬೇಕು. ಅಲ್ಲಿ ಆದದ್ದು ಮರುದಿನ ಹಾಗೆಯೇ ಆಗುತ್ತದೆ. ಆಡದೆ ಹೋದರೆ ಕೆಲಸ ಶುರುವೇ ಆಗುವುದಿಲ್ಲ. ಹುಣಸೆಮರ ಹತ್ತಲು ಹೋದವನು ಸಂಜೆಯವರೆಗೆ ಬುಡದಲ್ಲೇ ಧೋತರದ ಕಚ್ಚೆ ಕಟ್ಟುತ್ತ ನಿಂತಿರುತ್ತಾನೆ. ಆಡಿದ ಮೇಲೆ ತಪ್ಪಿಸಿಕೊಳ್ಳುವುದೂ ಆಗದು. ಕುಂಬಾರ ಓಣಿಯ ಸಿದ್ರಾಮನಿಗೆ ಮರದಿಂದ ಬಿದ್ದು ಎಡಗಾಲು ಉಳುಕುತ್ತದೆ ಎಂದು ಗರ ಬಿದ್ದಾಗ, ಅವನು ಮರುದಿನ ಮರದ ಹತ್ತಿರವೇ ಸುಳಿಯದೆ ಮನೆಯಲ್ಲಿ ಮಲಗಿದ. ಮಂಚದಿಂದ ಬಿದ್ದು ಅದೇ ಕಾಲು ಉಳುಕಿಸಿಕೊಂಡ. ಅವನ ಹೆಂಡತಿಗೆ ಅವನ ಕಾಲಿಗಿಂತ ಹುಣಸೆಹಣ್ಣು ಸಿಗಲಿಲ್ಲವಲ್ಲ ಎಂಬುದೇ ಬೇಸರ.

ಆಟ ನಡೆಸುವವರು ಅಡಿವೆಪ್ಪ ಮಾಸ್ತರು. ಶಾಲೆಯ ಮಾಸ್ತರಲ್ಲ, ಆಟದ ಮಾಸ್ತರು. ನಾವು ಮೇಜಿನ ಈಚೆ ಕೂರುತ್ತಿದ್ದೆವು, ಅವರು ಆಚೆ. ಇಬ್ಬರ ನಡುವೆ ಮೊಳದೆತ್ತರದ ಒಂದು ಪರದೆ. "ನೀ ಮರದ ಬುಡಕ್ಕ ನಿಂತೀ. ತೊಗಟಿ ಹಸೀ ಐತಿ. ಏನ ಮಾಡ್ತೀ?" ಎಂದು ಅವರು ಕೇಳಿದರೆ ನಾವು ಏನು ಮಾಡುತ್ತೇವೆಂದು ಹೇಳುವುದು. ಆಮೇಲೆ ಎರಡು ಸಲ ಜೋಡಿ ದಾಳ ಬೀಳುತ್ತಿತ್ತು. ಮೊದಲನೆಯದು ಅಡ್ಡಿಯ ಗರ: ಮರದ್ದು, ಗಾಳಿಯದ್ದು, ಸಿಟ್ಟಿನ ಮಾವನದ್ದು, ಹೀಗೆ ನಮಗೆ ಎದುರಾದದ್ದರ ಗರ. ಎರಡನೆಯದು ನಮ್ಮ ಗರ. ನಮ್ಮದು ಹೆಚ್ಚಾದರೆ ಕೆಲಸ ಆಯಿತು. ಕಡಿಮೆಯಾದರೆ ಕೆಟ್ಟಿತು. ಸಮ ಬಿದ್ದರೆ ಕೆಲಸ ಆಗುತ್ತದೆ, ಏನಾದರೊಂದು ಕಳೆದುಕೊಳ್ಳಬೇಕು. ನಮ್ಮ ಗರದಲ್ಲಿ ಎರಡೂ ದಾಳಕ್ಕೆ ಒಂದೊಂದೇ ಬಿದ್ದರೆ ಜೀವ ಹೋಗುತ್ತದೆ.

ಎರಡು ಗರವನ್ನೂ ಮಾಸ್ತರೇ ಒಗೆಯುತ್ತಿದ್ದರು, ಪರದೆಯ ಹಿಂದೆ. ನಮಗೆ ದಾಳದ ಸಪ್ಪಳ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅವರು ಹೇಳಿದ್ದನ್ನು ಕೇಳಿಕೊಂಡು ಎದ್ದು ಬರುತ್ತಿದ್ದೆವು. ಯಾರೂ ಅವರನ್ನು ಅನುಮಾನಿಸಿದ್ದಿಲ್ಲ. ಅಷ್ಟು ಒಳ್ಳೆಯ ಮನುಷ್ಯ.

ಊರಿನ ಉತ್ತರಕ್ಕೆ ಆಳವಾದ ಕೊಳ್ಳವಿದೆ, ತಳದಲ್ಲಿ ಹೊಳೆ. ಆಚೆ ದಂಡೆಯಲ್ಲೂ ಮನೆಗಳಿವೆ, ಮೊದಲು ಎರಡೂ ಸೇರಿ ಒಂದೇ ಊರು. ನನಗೆ ಹದಿನಾಲ್ಕು ವರ್ಷವಾಗಿದ್ದಾಗ ಚಂದ್ರವ್ವಕ್ಕನನ್ನು ಆಚೆ ದಂಡೆಗೆ ಮದುವೆ ಮಾಡಿಕೊಟ್ಟರು. ಮೂರು ತಿಂಗಳಿಗೆ ಸೇತುವೆ ಬಿತ್ತು. ಸುತ್ತು ಹಾಕಿ ಹೋಗಲು ದಾರಿಯಿಲ್ಲ; ಎಷ್ಟು ದೂರ ನಡೆದರೂ ಕೊಳ್ಳ ಪಕ್ಕದಲ್ಲೇ ಬರುತ್ತದೆ. ಕೂಗಿದರೆ ಹೊಳೆಯ ಸದ್ದಿನಲ್ಲಿ ಕೇಳಿಸದು. ಹಾಗಾಗಿ ಸೋಮವಾರ ಸೋಮವಾರ ನಾವಿಬ್ಬರೂ ಎರಡು ಅಂಚಿನಲ್ಲಿ ನಿಂತು ಸೆರಗು ಬೀಸುತ್ತಿದ್ದೆವು. ಅಕ್ಕ ಮೂರು ಸಲ ಕೂಸನ್ನು ಎತ್ತಿ ಹಿಡಿದು ತೋರಿಸಿದ್ದಾಳೆ. ಆ ಮಕ್ಕಳ ಹೆಸರು ನನಗೆ ಗೊತ್ತಿಲ್ಲ, ಎತ್ತರ ಮಾತ್ರ ಗೊತ್ತು.

ಹದಿನೆಂಟು ವರ್ಷ ಹೀಗೇ ಕಳೆಯಿತು. ಹೋದ ವರ್ಷ ಯುಗಾದಿ ಮುಗಿದ ಮೇಲೆ ಒಂದು ಸೋಮವಾರ ನಾನು ಸೆರಗು ಬೀಸಿದರೆ ಅಕ್ಕ ಹೊಳೆಯ ಕೆಳಗಿನ ದಿಕ್ಕಿಗೆ ಮುಖ ಮಾಡಿ ಬೀಸುತ್ತಿದ್ದಳು. ಅಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ಅವಳ ಗಲ್ಲ ಹಿಡಿದು ಮುಖವನ್ನು ನನ್ನ ಕಡೆ ತಿರುಗಿಸಿದಳು. ಅಕ್ಕನಿಗೆ ಕಣ್ಣು ಕಾಣುತ್ತಿಲ್ಲ ಎಂಬುದು ಆಗ ತಿಳಿಯಿತು. ಅವತ್ತು ಮನೆಗೆ ಬಂದು ನಾನು ನಾರು ಮುಟ್ಟಲಿಲ್ಲ, ಅನ್ನವನ್ನೂ ಮುಟ್ಟಲಿಲ್ಲ.

ಕೊಳ್ಳ ದಾಟಲು ನನಗಿಂತ ಮೊದಲು, ನನಗೆ ಗೊತ್ತಿದ್ದ ಮಟ್ಟಿಗೆ, ಏಳು ತಂಡ ಮೇಜಿಗೆ ಕೂತಿದ್ದವು. ಯಾರಾದರೊಬ್ಬರು ತೆಳು ಹಗ್ಗದ ತುದಿ ಹಿಡಿದು ಆಚೆಗೆ ಮುಟ್ಟಿದರೆ ಸಾಕು. ಅದಕ್ಕೆ ದಪ್ಪ ಹಗ್ಗ ಕಟ್ಟಿ ಎಳೆದುಕೊಂಡು, ಹಳೇ ಸೇತುವೆಯ ಕಂಬಗಳಿಗೆ ಬಿಗಿದು, ಅದರ ಮೇಲೆ ಜನ ಕೂರುವ ತೊಟ್ಟಿಲು ಓಡಿಸಬಹುದು. ಕೊಳ್ಳದ ಗೋಡೆಯಲ್ಲಿ ಮೆಟ್ಟಿಲಿನಂತೆ ಹೊರಗೆ ಚಾಚಿದ ಬಂಡೆಗಳಿವೆ, ಚಾಚು ಎನ್ನುತ್ತೇವೆ. ಏಳು ತಂಡವೂ ಮೂರನೆಯ ಚಾಚಿನಿಂದ ವಾಪಸು ಬಂದಿದ್ದವು. "ಬಂಡಿಗೆ ಹನ್ನೊಂದು ಬಿತ್ತಪಾ. ನಿಮಗ ನಾಕು. ತಿರುಗಿ ಬರ್ರಿ" ಎಂದು ಮಾಸ್ತರು ಹೇಳುತ್ತಿದ್ದರು. ಯಾರಿಗೂ ಒಂದು ಗೀರು ಕೂಡ ಆಗಿರಲಿಲ್ಲ.

ನಾನೂ ತಂಡ ಕಟ್ಟಿದೆ. ಒಬ್ಬ ಕಲ್ಲು ಒಡೆಯುವ ಮೌಲಾಸಾಬ, ಬಂಡೆಯ ಮೇಲೆ ಹಲ್ಲಿಯಂತೆ ಓಡಾಡುವ ಆಳು. ಇನ್ನೊಬ್ಬರು ಶಾಲೆಯಲ್ಲಿ ಲೆಕ್ಕ ಹೇಳುವ ಇಂದುಮತಿ ಟೀಚರು. ಅವರು ಪರವೂರಿನವರು, ಹೊಳೆಯ ದಂಡೆಯಲ್ಲಿ ಬೆಳೆದವರು, ಚೆನ್ನಾಗಿ ಈಜುತ್ತಾರೆ. ಅವರನ್ನು ಕೇಳಲು ಹೋದಾಗ ಅವರು ಒಪ್ಪಿದರು, ಒಪ್ಪಿ ನನ್ನನ್ನು ಶಾಲೆಯ ಒಳಗೆ ಕರೆದು ಕರಿಹಲಗೆಯ ಮುಂದೆ ಕೂರಿಸಿದರು.

"ನೀಲವ್ವ, ಮೂರು ವರ್ಷದಿಂದ ನಾನು ಭಾನುವಾರ ಭಾನುವಾರ ಚಾವಡಿಗೆ ಬಂದು ಕೂತಿದ್ದೀನಿ. ಮಾಸ್ತರು ಹೇಳಿದ ಗರ ಎಲ್ಲ ಬರ್ಕೊಂಡಿದ್ದೀನಿ. ಎರಡು ಸಾವಿರದ ಮೇಲಾಯ್ತು. ಜೋಡಿ ಒಂದು ಎಷ್ಟು ಸಲ ಬಿದ್ದಿದೆ ಹೇಳಿ?"

ನಾನು ನೆನಪು ಮಾಡಿಕೊಂಡೆ. ನನಗೆ ಒಂದೂ ನೆನಪಾಗಲಿಲ್ಲ.

"ಒಂದು ಸಲಾನೂ ಇಲ್ಲ" ಎಂದರು ಟೀಚರು. "ಹೋದ ವಾರ ನಮ್ಮ ಮಕ್ಕಳ ಕೈಲಿ ಬೇರೆ ದಾಳ ಕೊಟ್ಟು ಸಾವಿರ ಸಲ ಒಗೆಸಿದೆ. ಇಪ್ಪತ್ತೊಂಬತ್ತು ಸಲ ಬಿತ್ತು."

"ಹಂಗಂದರ?"

"ಮಾಸ್ತರು ಬಿದ್ದದ್ದನ್ನ ಹೇಳ್ತಿಲ್ಲ."

ನನಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಯಾರದೋ ಮನೆಯ ಬಾಗಿಲ ಸಂದಿಯಿಂದ ಇಣುಕಿದ ಹಾಗಾಯಿತು. ಸಿಟ್ಟು ಬಂದದ್ದು ಮಾಸ್ತರ ಮನೆಯ ದಾರಿಯಲ್ಲಿ, ಅಕ್ಕನ ಗಲ್ಲ ಹಿಡಿದಿದ್ದ ಆ ಹುಡುಗಿಯ ಕೈ ನೆನಪಾದಾಗ.

ಮಾಸ್ತರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಕೂರದೆಯೇ ಕೇಳಿದೆ. "ಮಾಸ್ತರ, ಬಂಡಿಗೆ ಖರೇನಽ ಹನ್ನೊಂದು ಬಿದ್ದಿತ್ತೇನ್ರಿ? ಏಳೂ ಸಲ?"

ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. "ಯಾವಾಗರ ಯಾರಾದರೂ ಕೇಳ್ತಾರ ಅಂತ ಗೊತ್ತಿತ್ತು. ಕೂಡ್ರು ಬಾ" ಎಂದರು.

ನಾನು ಕೂತೆ.

"ಸೇತುವಿ ಬಿದ್ದ ವರ್ಷ, ಈ ಏಳು ತಂಡಕ್ಕಿಂತ ಮೊದಲು, ಇನ್ನೊಂದು ತಂಡ ಕೂತಿತ್ತು. ಅದರಾಗ ನನ್ನ ತಮ್ಮ ಇದ್ದ, ಶಿವಪುತ್ರ. ಆವಾಗ ಪರದಿ ಇರಲಿಲ್ಲ. ಅವರವರ ದಾಳ ಅವರವರಽ ಒಗೀತಿದ್ದರು. ಅವನ ಕೈಲೆ ಜೋಡಿ ಒಂದು ಬಿತ್ತು. ಮರುದಿನ ಮುಂಜಾನಿ ಹೋದ, ಅದು ಇರಲಿ, ಅದು ಆಗೂದಽ. ಆದರ ಹಿಂದಿನ ದಿನ ಸಂಜೀಮುಂದ ಇದಽ ಕಟ್ಟಿ ಮ್ಯಾಲ ಕೂತು ತನ್ನ ಕೈ ನೋಡಿಕೋತ ಇದ್ದ, ನೀಲವ್ವ. 'ಅಣ್ಣಾ, ಇನ್ನೊಂಚೂರು ಅಲುಗಾಡಿಸಿ ಒಗೀಬೇಕಿತ್ತೇನು?' ಅಂತ ಕೇಳಿದ. ಹತ್ತು ಸಲ ಕೇಳಿದ." ಮಾಸ್ತರು ಸಿಪ್ಪೆ ಕೊಡವಿದರು. "ಅವತ್ತಿನಿಂದ ಯಾರ ಕೈಗೂ ದಾಳ ಕೊಟ್ಟಿಲ್ಲ. ಕೆಟ್ಟದ್ದು ಬಿದ್ದರ ನನ್ನ ಕೈಲೆ ಬೀಳಲಿ. ಮಂದಿ ನನ್ನ ಬೈಲಿ. ಮತ್ತ, ಬಿದ್ದಾಗ ನಾ ಹೇಳೂದಽ ಇಲ್ಲ. ಮೇಜು ನನ್ನ ಬಾಯಾಗಿನ ಮಾತು ಕೇಳತೈತಿ, ದಾಳದ್ದಲ್ಲ."

"ಏಳು ತಂಡದಾಗ ಎಷ್ಟು ಮಂದಿ ಸಾಯ್ತಿದ್ದರು?"

"ಇಬ್ಬರು. ಲೆಕ್ಕ ಇಟ್ಟೀನಿ. ಅವರಿಬ್ಬರೂ ಇವತ್ತು ಸಂತಿಯಾಗ ಅಡ್ಡಾಡ್ತಾರ. ಯಾರಂತ ಕೇಳಬ್ಯಾಡ."

"ಎಷ್ಟು ತಂಡ ದಾಟತಿದ್ದವು?"

ಅವರು ಸುಲಿಯುವುದನ್ನು ನಿಲ್ಲಿಸಿದರು. "ಮೂರು" ಎಂದರು.

ಅಕ್ಕನ ಮೂರೂ ಬಾಣಂತನಕ್ಕೆ ನಾನು ಹೋಗಬಹುದಿತ್ತು.

"ಮಾಸ್ತರ, ಸತ್ತದ್ದು ನಮ್ಮದಾಗತೈತಿ ಅಂತ ನೀವು ಹೊತ್ತುಕೊಂಡ್ರಿ. ದಾಟಿದ್ದೂ ನಮ್ಮದಽ ಇತ್ತಲ್ಲ. ಅದನ್ನೂ ಹೊತ್ತುಕೊಂಡು ಕೂತೀರಿ. ನಮ್ಮ ದಾಳ ನಮ್ಮ ಕೈಗೆ ಕೊಡ್ರಿ" ಎಂದೆ. ಅಷ್ಟು ಹೇಳಿ ನನಗೆ ಅಳು ಬಂತು. ಅವರು ಒಂದು ಹಿಡಿ ಶೇಂಗಾ ನನ್ನ ಉಡಿಗೆ ಹಾಕಿ ಒಳಗೆ ಎದ್ದು ಹೋದರು.

ಮೂರು ದಿನ ಚಾವಡಿಯ ಬಾಗಿಲು ತೆಗೆಯಲಿಲ್ಲ. ಊರಲ್ಲಿ ಕೆಲಸವೆಲ್ಲ ನಿಂತುಹೋಯಿತು. ಕೇರಿಯ ಹೊಸ ಸೊಸೆ ಮೊದಲ ಸಲ ಹೋಳಿಗೆ ಮಾಡಬೇಕೆಂದು ಹೂರಣ ರುಬ್ಬಿಟ್ಟುಕೊಂಡು, ಒಲೆ ಹೊತ್ತದೆ, ಮೂರು ದಿನವೂ ಬರೀ ಹೂರಣವನ್ನೇ ಬಡಿಸಿದಳಂತೆ. ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆರೆಯಿತು. ಮೇಜಿನ ಮೇಲೆ ಪರದೆ ಇರಲಿಲ್ಲ. ದಾಳ ನಾಲ್ಕಿದ್ದವು, ಎರಡು ಮಾಸ್ತರ ಮುಂದೆ, ಎರಡು ನಮ್ಮ ಮುಂದೆ.

"ನಿಮ್ಮ ಕೈ ಕಾಲು, ನಿಮ್ಮ ಉಪಾಯ, ಇವಕ್ಕ ನೀವು ಒಗೀರಿ" ಎಂದರು ಮಾಸ್ತರು. "ಬಂಡಿ, ಹೊಳಿ, ಗಾಳಿ ನಂದು. ಎಲ್ಲಾರ ಕಣ್ಣಮುಂದ ಒಗೀತೀನಿ. ಬಿದ್ದದ್ದು ಬಿದ್ದಂಗ ಹೇಳ್ತೀನಿ."

ಮೌಲಾಸಾಬ ಕೇಳಿದ, "ಹಗ್ಗ ಯಾರದ್ರಿ ಮಾಸ್ತರ? ಹಗ್ಗ ಹರೀತದೋ ಇಲ್ಲೋ, ಅದಕ್ಕ ಯಾರು ಒಗೀಬೇಕು?"

"ಹಗ್ಗ ನಾ ಮಾಡಿದ್ದು. ಅದರದ್ದು ನಾ ಒಗೀತೀನಿ" ಎಂದೆ.

"ಹಗ್ಗ ಉಜ್ಜೋ ಕಲ್ಲು ನಂದು" ಎಂದರು ಮಾಸ್ತರು. ಟೀಚರು ತಲೆಯಾಡಿಸಿದರು. ಇಂಥ ಹಂಚಿಕೆಯ ಮಾತಿಗೇ ಅರ್ಧ ತಾಸು ಹೋಯಿತು. ಕಿಟಕಿಗಳಲ್ಲಿ ಜನ ಜಮಾಯಿಸಿ, ಜಾರುವ ಪಾಚಿ ಯಾರ ಪಾಲಿಗೆ, ನೆಗಡಿ ಬಂದು ಸೀನಿದರೆ ಯಾರ ಪಾಲಿಗೆ ಎಂದು ತಮ್ಮ ತಮ್ಮಲ್ಲೇ ಜಗಳ ಹಚ್ಚಿಕೊಂಡಿದ್ದರು. ಕೊನೆಗೆ ಮಾಸ್ತರು ಇನ್ನೊಂದು ಮಾತು ಸೇರಿಸಿದರು. ಉಪಾಯ ಒಳ್ಳೆಯದಿದ್ದರೆ ಅಡ್ಡಿಯ ಗರದಲ್ಲಿ ಎರಡು ಕಳೆಯುವುದು, ಒಳ್ಳೆಯದೋ ಅಲ್ಲವೋ ಎಂದು ತಾವು ಹೇಳುವುದು. ನಾವು ಒಪ್ಪಿದೆವು.

ಮೊದಲ ಎರಡು ಚಾಚನ್ನು ಇಳಿಯುವುದು ಸುಲಭ, ಅದಕ್ಕೆ ಗರ ಬೇಕಿಲ್ಲ. ಮೂರನೆಯದಕ್ಕೆ ಬಂದೆವು. "ಬಂಡಿ ಕೆಳಗ ಒಳಬಾಗಿ ಐತಿ. ಕಾಲಿಗೆ ಆಧಾರ ಸಿಗೂದಿಲ್ಲ" ಎಂದರು ಮಾಸ್ತರು. ಮೌಲಾಸಾಬ, ತಾನು ಮೊದಲು ಇಳಿದು ಗೂಟ ಬಡಿದು ಹಗ್ಗ ಕಟ್ಟುತ್ತೇನೆಂದ. ಮಾಸ್ತರು ಬಂಡೆಯ ಗರ ಒಗೆದರು. ಮೂರು, ಎರಡು. ಐದು! ಕಿಟಕಿಯ ಜನ ಹೋ ಎಂದರು. ಮೌಲಾಸಾಬ ದಾಳವನ್ನು ಹಣೆಗೆ ಒತ್ತಿಕೊಂಡು ಒಗೆದ. ನಾಲ್ಕು, ಒಂದು. ಅವನದೂ ಐದೇ.

"ಸಮ" ಎಂದರು ಮಾಸ್ತರು. ಅವರ ದನಿ ಸಣ್ಣದಾಯಿತು. "ಗೂಟ ನಿಂತಿತು. ಆದರ ನಿನ್ನ ಎಡಗೈ ಮಣಿಕಟ್ಟು ಮುರೀತು, ಮೌಲಾ."

ಮೌಲಾಸಾಬ ತನ್ನ ಎಡಗೈಯನ್ನು ಎತ್ತಿ ಎಲ್ಲರಿಗೂ ತೋರಿಸಿದ. "ಎಡಗೈ ಹೌದಲ್ರಿ? ಹೋಗಲಿ ಬಿಡ್ರಿ. ಸುತ್ತಿಗಿ ಹಿಡಿಯೂದು ಬಲಗೈ." ಜನ ನಕ್ಕರು. ಕಿಟಕಿಯಲ್ಲಿದ್ದ ಅವನ ಹೆಂಡತಿ ಮಾತ್ರ ನಗಲಿಲ್ಲ. ಬಿದಿರ ಪಟ್ಟಿ ಹುಡುಕಲು ಮನೆಗೆ ಹೋದಳು.

ಆಮೇಲೆ ಹೊಳೆ. ಮಾಸ್ತರು ಒಗೆದರು. ಆರು, ಐದು. ಹನ್ನೊಂದು. ಮಾಸ್ತರ ಕೈ ತಾನಾಗಿ ಚಾಚಿ ದಾಳದ ಮೇಲೆ ಬಂತು, ಮುಚ್ಚುವ ಹಾಗೆ. ಅಲ್ಲೇ ಅರೆಗಳಿಗೆ ನಿಂತಿತು. ಅವರು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಹಿಂದಕ್ಕೆ ಎಳೆದುಕೊಂಡರು. "ಹೊಳಿಗೆ ಹನ್ನೊಂದು" ಎಂದರು.

ಟೀಚರು ಅವಸರ ಮಾಡಲಿಲ್ಲ. "ನಾನು ಅಡ್ಡ ಈಜಲ್ಲ. ಬಿದ್ದ ಸೇತುವೆಯ ಕಲ್ಲು ನೀರೊಳಗೆ ಸಾಲಾಗಿ ಬಿದ್ದಿವೆ. ಅವುಗಳ ಕೆಳಬದಿಗೆ ಸೆಳೆತ ಕಡಿಮೆ ಇರುತ್ತೆ. ಒಂದರಿಂದ ಇನ್ನೊಂದಕ್ಕೆ ಹಿಡಿದುಕೊಂಡು ಹೋಗ್ತೀನಿ" ಎಂದರು.

ಮಾಸ್ತರ ಕಣ್ಣು ಅರಳಿತು. ಅಷ್ಟು ವರ್ಷದಲ್ಲಿ ಅವರು ಹಾಗೆ ಖುಷಿಯಾದದ್ದನ್ನು ನಾನು ಕಂಡಿರಲಿಲ್ಲ. "ಬರೋಬ್ಬರಿ ಉಪಾಯ! ಹನ್ನೊಂದರಾಗ ಎರಡು ಹೋತು, ಒಂಬತ್ತು." ಟೀಚರು ಒಗೆದರು. ನಾಲ್ಕು, ಆರು. ಹತ್ತು! ಕಿಟಕಿಯಿಂದ ಯಾರೋ ಟವೆಲ್ಲು ಮೇಲಕ್ಕೆ ಎಸೆದರು. ಆಟದಲ್ಲಿ ಟೀಚರು ಆಚೆ ದಡಕ್ಕೆ ಹಗ್ಗ ಒಯ್ದಾಯಿತು, ಅದನ್ನು ಹಿಡಿದು ನಾನೂ ದಾಟಿಯಾಯಿತು. ಮೌಲಾಸಾಬ ಈಚೆ ದಡದಲ್ಲಿ ಹಗ್ಗಕ್ಕೆ ಕಾವಲು.

ಉಳಿದದ್ದು ಆಚೆಯ ಗೋಡೆ ಹತ್ತುವುದು, ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು. ಅದು ನನ್ನ ಪಾಲು. ಮಾಸ್ತರು ಗಾಳಿಯ ಗರ ಒಗೆದರು. ಎಂಟು. ನನಗೆ ಉಪಾಯ ಯಾವುದೂ ಹೊಳೆಯಲಿಲ್ಲ. "ಹತ್ತುತೀನಿ, ಅಷ್ಟಽ" ಎಂದೆ.

ದಾಳ ಕೈಗೆ ತೆಗೆದುಕೊಂಡೆ. ಬೆರಳು ಬಿಗಿದುಕೊಂಡವು, ಬಿಡಿಸಲು ಬರಲಿಲ್ಲ. ದಾಳ ಕೇಳಿ ಜಗಳಾಡಿದವಳು ನಾನೇ. ಈಗ ಅದನ್ನು ಬಿಡುವ ಧೈರ್ಯ ನನಗಿರಲಿಲ್ಲ. ಜೋಡಿ ಒಂದು ಬಿದ್ದರೆ? ಇವತ್ತು ಸಂಜೆ ನಾನೂ ಕಟ್ಟೆಯ ಮೇಲೆ ಕೂತು ಕೈ ನೋಡಿಕೊಳ್ಳಬೇಕು.

ಮಾಸ್ತರು ಮುಂದಕ್ಕೆ ಬಾಗಿ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು. "ಬೇಕಂದರ ನಾ ಒಗೀತೀನಿ, ತಂಗಿ. ಯಾರೂ ಏನೂ ಅನ್ನೂದಿಲ್ಲ."

ಅವರ ಅಂಗೈ ನನ್ನ ಮುಂದೆ ತೆರೆದಿತ್ತು. ಕೊಟ್ಟುಬಿಡಬೇಕೆನಿಸಿತು. ಎಂಥ ಹಗುರ ಆ ಯೋಚನೆ! ಹದಿನೆಂಟು ವರ್ಷ ಊರಿಗೆ ಊರೇ ಯಾಕೆ ಸುಮ್ಮನಿತ್ತು ಎಂಬುದು ನನಗೆ ಆಗ ಅರ್ಥವಾಯಿತು. ಪರದೆ ಕಟ್ಟಿದವರು ಅವರೊಬ್ಬರೇ ಅಲ್ಲ. ಕಟ್ಟಲಿ ಎಂದು ನಾವೂ ಬಯಸಿದ್ದೆವು.

"ಬ್ಯಾಡ್ರಿ ಮಾಸ್ತರ" ಎಂದೆ. "ಒಗಿಯೂದು ನಂದು. ನೀವು ನೋಡ್ರಿ ಸಾಕು."

ಬೆರಳು ಬಿಡಿಸಿ ಒಗೆದೆ. ಕಣ್ಣು ಮುಚ್ಚಿಕೊಳ್ಳಲಿಲ್ಲ. ಒಂದು ದಾಳ ಮೂರಕ್ಕೆ ನಿಂತಿತು. ಇನ್ನೊಂದು ಉರುಳಿಕೊಂಡು ಹೋಗಿ ಮೌಲಾಸಾಬನ ತೋಳಿಗೆ ಬಡಿದು ನಿಂತಿತು. ಅವನು ತೋಳು ಅಲುಗಿಸದೆ ಕತ್ತು ಮಾತ್ರ ಬಾಗಿಸಿ ನೋಡಿದ. ನೋಡಿ ಕೂಗಿದ ಕೂಗಿಗೆ ಚಾವಡಿಯ ಸೂರಿನ ಗುಬ್ಬಿಗಳೆಲ್ಲ ಹಾರಿದವು.

"ಆರು! ಯಕ್ಕಾ, ಆರು! ಒಂಬತ್ತಾತು!"

ಆಮೇಲೆ ಏನಾಯಿತು ಎಂದು ನನಗೆ ಸರಿಯಾಗಿ ನೆನಪಿಲ್ಲ. ಯಾರೋ ನನ್ನನ್ನು ಎತ್ತಿದರು. ಯಾರೋ ಹಲಗೆ ಬಾರಿಸಿದರು. ಟೀಚರು ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದರು. ಮಾಸ್ತರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು, ಭುಜ ಕುಲುಕುತ್ತಿತ್ತು.

ಮರುದಿನ ಬೆಳಿಗ್ಗೆ ನಾವು ಹೊರಟೆವು. ಮೌಲಾಸಾಬನ ಮಣಿಕಟ್ಟಿಗೆ ಅವನ ಹೆಂಡತಿ ಮೊದಲೇ ಎಣ್ಣೆ ಹಚ್ಚಿ, ಬಿದಿರ ಪಟ್ಟಿಯನ್ನು ಅವನ ಹೆಗಲಿಗೆ ಕಟ್ಟಿ ಕಳಿಸಿದ್ದಳು. ಮೂರನೆಯ ಚಾಚಿಗೆ ಬಂದಾಗ ಅವನು ಒಂದು ಸಲ ನಿಂತು, "ಇಲ್ಲೇ ಅಲ್ಲೇನು?" ಎಂದು ಕೇಳಿ, ಕೆಳಗೆ ಇಳಿದ. ಗೂಟ ಬಡಿಯುವ ಸದ್ದು ಕೇಳಿತು, ಹಿಂದೆಯೇ ಅವನ ಕೂಗು. ನಾವು ಇಳಿದು ಪಟ್ಟಿ ಕಟ್ಟುವಾಗ ಅವನ ಹಣೆಯ ಮೇಲೆ ಬೆವರ ಹನಿ ಸಾಲುಗಟ್ಟಿದ್ದವು. ಆದರೂ ಗೂಟವನ್ನು ಒದ್ದು ನೋಡಿ, "ಆನಿ ಕಟ್ಟಿದರೂ ಕೀಳೂದಿಲ್ಲ" ಎಂದ. ಮುರಿಯುತ್ತದೆ ಎಂದು ಗೊತ್ತಿದ್ದೂ ಅಲ್ಲಿಗೆ ನಡೆದು ಹೋದ ಆ ಮನುಷ್ಯನಿಗೆ ನಾನು ಇವತ್ತಿಗೂ ಎದ್ದು ನಿಂತೇ ಮಾತಾಡುತ್ತೇನೆ.

ಹೊಳೆಯಲ್ಲಿ ಟೀಚರು ಕಲ್ಲಿನಿಂದ ಕಲ್ಲಿಗೆ ಹೋದರು. ಎರಡು ಸಲ ತಲೆ ಮುಳುಗಿತು, ಎರಡು ಸಲವೂ ಎದ್ದಿತು. ಆಚೆಯ ಗೋಡೆಯನ್ನು ನಾನು ಹತ್ತಿದೆ. ಒಂಬತ್ತು ಬಿದ್ದಿದೆ ಎಂದು ಗೊತ್ತಿದ್ದರೂ ಗೋಡೆ ತಾನಾಗಿ ಕೆಳಗೆ ಬರುವುದಿಲ್ಲ. ಬೆರಳಿನ ಉಗುರು ಕಿತ್ತಿತು. ಗಾಳಿ ಸೀರೆಯನ್ನು ಹಾಯಿಯಂತೆ ಊದಿ ನನ್ನನ್ನು ಬಂಡೆಯಿಂದ ಕೀಳಲು ನೋಡಿತು. ಒಂದು ಕಡೆ ಕೈ ಬಿಟ್ಟೇ ಹೋಗಿ, ಸೊಂಟದ ಹಗ್ಗ ಬಂಡೆಯ ಸಂದಿನ ಬೇರಿಗೆ ಸಿಕ್ಕಿ ನಿಂತೆ. ನಾನೇ ಹೊಸೆದ ಹಗ್ಗ. ಮತ್ತೆ ಹತ್ತಿದೆ.

ಅಂಚಿಗೆ ಕೈ ಹಾಕಿದಾಗ ಮೇಲೆ ಎಷ್ಟೋ ಕೈಗಳಿದ್ದವು. ಎಳೆದುಕೊಂಡರು. ಆಚೆ ದಂಡೆಯವರೆಲ್ಲ ಅಲ್ಲಿದ್ದರು, ಬೆಳಗಿನಿಂದ ನಾವು ಇಳಿಯುವುದನ್ನು ನೋಡುತ್ತ ನಿಂತಿದ್ದರಂತೆ. ಗಂಡಸರು ಹಗ್ಗ ಹಿಡಿದು ಎಳೆಯತೊಡಗಿದರು. ಅದರ ಬಾಲಕ್ಕೆ ಕಟ್ಟಿದ್ದ ದಪ್ಪ ಹಗ್ಗ, ನಾನು ನಾಲ್ಕು ತಿಂಗಳು ಹೊಸೆದದ್ದು, ಕೊಳ್ಳದ ಮೇಲೆ ಹಾವಿನಂತೆ ಎದ್ದು ಬಂತು. ಅದನ್ನು ಕಂಬಕ್ಕೆ ಸುತ್ತಿ ಬಿಗಿದಾಗ ಈಚೆ ದಂಡೆಯಲ್ಲಿ ಎದ್ದ ಗದ್ದಲ ಮೊದಲ ಸಲ ಹೊಳೆಯ ಸದ್ದನ್ನು ಮೀರಿ ಕೇಳಿಸಿತು.

ಹುಡುಗಿಯೊಬ್ಬಳು ಒಬ್ಬ ಹೆಂಗಸಿನ ಕೈ ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಅಕ್ಕ ತೆಳ್ಳಗಾಗಿದ್ದಳು. ಅವಳ ಕಣ್ಣು ನನ್ನ ಹೆಗಲಿನಾಚೆ ಎಲ್ಲೋ ನೋಡುತ್ತಿತ್ತು. ಅವಳು ಕೈ ಚಾಚಿ ನನ್ನ ಅಂಗೈ ಹುಡುಕಿಕೊಂಡು, ಬೆರಳಾಡಿಸಿದಳು. ನಾರು ಎಳೆದು ಎಳೆದು ಬಿದ್ದ ಗಂಟುಗಳನ್ನು ಒಂದೊಂದಾಗಿ ಮುಟ್ಟಿದಳು.

"ಅಪ್ಪನ ಕೈ ಇದ್ದಂಗ ಐತಿ" ಎಂದಳು. "ನೀಲಾ?"

"ಹೂಂ ಅಕ್ಕಾ."

ಅವಳು ನನ್ನನ್ನು ಅಪ್ಪಿಕೊಳ್ಳಲಿಲ್ಲ, ಅಳಲೂ ಇಲ್ಲ. ನಮ್ಮ ಊರಿನ ಮಗಳು ಅವಳು, ಮೊದಲು ಕೇಳಬೇಕಾದದ್ದನ್ನೇ ಕೇಳಿದಳು. "ಯಾರು ಒಗದರು?"

"ನಾನಽ" ಎಂದೆ. "ಈ ಕೈಲೆಽ ಒಗದೆ."

ಅಕ್ಕ ಆ ಕೈಯನ್ನು ಎತ್ತಿ ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. ಆಮೇಲೆ ಮಗಳ ಕಡೆ ತಿರುಗಿ, "ಇಕಿ ನಿಮ್ಮ ಚಿಕ್ಕವ್ವ. ನಿನ್ನ ಹೆಸರು ಹೇಳು" ಎಂದಳು. ಹುಡುಗಿ ಹೇಳಿದಳು. ನಾನು ಆ ಹೆಸರನ್ನು ಜೋರಾಗಿ ಕರೆದೆ, ಇನ್ನೊಮ್ಮೆ ಕರೆದೆ, ಅವಳು ಎರಡು ಸಲವೂ ಓಗೊಟ್ಟಳು.